ಒರೆಸಬಾರದ ಎಂಜಲು

ಊದಿ, ಊದಿ, ಊದಿ, ಇನ್ನೂ ಊದಿ, ನಿಲ್ಲಿಸಬೇಡಿ, ಪೂರ್ತಿ ಖಾಲಿ ಆಗುವವರೆಗೆ ಊದಿ — ಬಾಯಿಯಲ್ಲಿ ರಟ್ಟಿನ ಕೊಳವೆ, ಹಳೆಯ ಲಗ್ನಪತ್ರಿಕೆ ಜಗಿದ ಹಾಗೆ ಅದರ ರುಚಿ, ಮೂಗಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದೊಂದು ಕ್ಲಿಪ್ಪು, ಮತ್ತು ಈ ಬಿಳಿ ಕೋಟಿನ ಹುಡುಗಿ ನನಗೆ ಊದುವುದನ್ನು ಕಲಿಸುತ್ತಿದ್ದಾಳೆ, ನನಗೆ, ಕಾಪುವಿನ ಸ್ಯಾಕ್ಸೊಫೋನಿನ ಕಿಟ್ಟ ಶೇರಿಗಾರರ ಮಗ ರೂಪೇಶನಿಗೆ, ಮೀನಿಗೆ ಈಜು ಕಲಿಸಿದ ಹಾಗೆ, ಸಿಟ್ಟು ಬರಬೇಕಿತ್ತು, ಬರುತ್ತಿಲ್ಲ, ಸಿಟ್ಟಿಗೂ ಉಸಿರು ಬೇಕಲ್ಲ — ಊದಿ ಅಂಕಲ್, ಬಿಡಬೇಡಿ — ಅಂಕಲ್ ಅಂತೆ, ಮದುಮಗಳು ಮಂಟಪದ ಬಾಗಿಲಿನಿಂದ ಧಾರೆಯ ಮಣೆಯವರೆಗೆ ನಡೆದು ಬರುವಷ್ಟು ಹೊತ್ತು ಒಂದೇ ಸ್ವರವನ್ನು ಹಿಡಿದು ನಿಲ್ಲಿಸಿದವನು ನಾನು, ವೀಡಿಯೋದವನು ಅವಳನ್ನು ತಡೆದು ಮೇಡಂ ಸ್ವಲ್ಪ ನಿಧಾನ ಬನ್ನಿ ಅಂದಾಗಲೂ ಬಿಡದೆ ಹಿಡಿದವನು, ಆ ಸ್ವರ ಕೇಳಿ ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತದ್ದುಂಟು, ಈಗ ಪರದೆಯ ಮೇಲೆ ನನ್ನ ಉಸಿರು ಒಂದು ಗೆರೆಯಾಗಿ ಏರುತ್ತದೆ, ಏರಿದ್ದು ಅಲ್ಲೇ ಮುಗ್ಗರಿಸುತ್ತದೆ, ನಮ್ಮ ಕಾಪು ಕಡಲಿನ ತೆರೆಗಾದರೂ ಬಂದು ದಡ ಮುಟ್ಟುವಷ್ಟು ಜೀವ ಇರುತ್ತದೆ, ಇದಕ್ಕೆ ಅದೂ ಇಲ್ಲ, ಕೆಮ್ಮು ಬಂತು, ಬಂದರೆ ನಿಲ್ಲುವ ಜಾತಿಯದ್ದಲ್ಲ ಅದು, ಹುಡುಗಿ ಪಾಪ ಬೆನ್ನು ಸವರಿದಳು, ಸಾಕು ಸಾಕು, ನೀರು ಕುಡಿಯಿರಿ, ಹೊರಗೆ ಕೂತುಕೊಳ್ಳಿ, ಡಾಕ್ಟರ್ ಕರೆಯುತ್ತಾರೆ. ಕರೆಯಲಿ. ನನಗೆ ಈ ಆಸ್ಪತ್ರೆಯಿಂದ ಬೇಕಾದದ್ದು ಒಂದೇ ಮಾತು, ಇನ್ನು ಊದಬಹುದೋ ಇಲ್ಲವೋ, ಸಾಯುತ್ತೇನೋ ಬದುಕುತ್ತೇನೋ ಅದೆಲ್ಲ ಆಮೇಲೆ, ಊದದ ಶೇರಿಗಾರ ಬದುಕಿದ್ದು ಯಾರಿಗೆ ಬೇಕು.

ಟೋಕನ್ ಯಂತ್ರ ಕೂಗಿದಾಗಲೆಲ್ಲ ಕಿವಿಗೆ ಮುಳ್ಳು ಚುಚ್ಚುತ್ತದೆ, ನಿಷಾದಕ್ಕೂ ಷಡ್ಜಕ್ಕೂ ನಡುವೆ ಎಲ್ಲೋ ಸಿಕ್ಕಿಕೊಂಡಿದೆ ಅದರ ಸ್ವರ, ಮಣಿಪಾಲದಲ್ಲಿ ಇಷ್ಟು ಓದಿದವರಿದ್ದಾರೆ, ಒಂದು ಗಂಟೆಯನ್ನು ಶ್ರುತಿಗೆ ಸೇರಿಸುವವರಿಲ್ಲ, ಎದುರಿನ ಕುರ್ಚಿಯ ಮುದುಕರು ಸೀಟಿ ಹೊಡೆದ ಹಾಗೆ ಉಸಿರಾಡುತ್ತಾರೆ, ಅದು ದಮ್ಮು, ನೋಡಿದವರಿಗೆ ಗೊತ್ತಾಗುವ ಕಾಯಿಲೆ, ಮರ್ಯಾದಸ್ಥ ಕಾಯಿಲೆ, ನನ್ನದಕ್ಕೆ ಸೀಟಿ ಇಲ್ಲ, ಕಫ ಇಲ್ಲ, ಬರೀ ಒಣಕೆಮ್ಮು, ಮೆಟ್ಟಿಲು ಕಂಡರೆ ಏದುಸಿರು, ಮೈ ಇಳಿದು ಮದುವೆಯ ಕೋಟು ತೂಗುಹಾಕಿದ ಹಾಗೆ ಕಾಣುತ್ತದೆ, ಮತ್ತೆ ಆ ಜ್ವರ — ಆ ಜ್ವರದ್ದು ಬೇರೆಯೇ ಕಥೆ, ಬೆಳಗ್ಗೆ ಮದುವೆಯಲ್ಲಿ ಊದಿದರೆ ಸಂಜೆ ಚಳಿ ಹಿಡಿಯುತ್ತದೆ, ಹಲ್ಲು ಕಟಕಟ, ಹೆಂಡತಿ ಮೋಹಿನಿ ಎರಡು ಕಂಬಳಿ ಹೊದೆಸಿ ಮೇಲೆ ತಾನೂ ಕೂತುಬಿಡುವುದು ಬಾಕಿ, ಮರುದಿನ ಏನೂ ಆಗದವನ ಹಾಗೆ ಎದ್ದು ಗಂಜಿ ಉಣ್ಣುತ್ತೇನೆ. ಲೋಕಕ್ಕೆಲ್ಲ ಮಳೆಗಾಲದಲ್ಲಿ ಕೆಮ್ಮು, ನನಗೆ ಮಳೆಗಾಲದಲ್ಲಿ ಆರೋಗ್ಯ. ಮೇ ಕೊನೆಯ ಪತ್ತನಾಜೆ ಕಳೆಯಿತೆಂದರೆ ದೈವಗಳ ಕೋಲ ಇಲ್ಲ, ಯಕ್ಷಗಾನದವರೂ ಗೆಜ್ಜೆ ಬಿಚ್ಚಿಡುತ್ತಾರೆ, ಆಟಿ ತಿಂಗಳಲ್ಲಿ ಮದುವೆಯೂ ಇಲ್ಲ, ಸ್ಯಾಕ್ಸೊಫೋನನ್ನು ಅಪ್ಪನಿಗೆ ಹೊದೆಸಿದ್ದ ಸನ್ಮಾನದ ಶಾಲಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ ದೇವರ ಕೋಣೆಯ ಮೂಲೆಯಲ್ಲಿಟ್ಟು ನಾನು ಉಚ್ಚಿಲಕ್ಕೆ ಬಲೆ ಕಟ್ಟಲು ಹೋಗುತ್ತೇನೆ, ಅಲ್ಲಿ ಒದ್ದೆ ಶೆಡ್ಡಿನಲ್ಲಿ, ಕೊಳೆತ ಮೀನಿನ ವಾಸನೆಯಲ್ಲಿ ಕೂತು ನಾನು ದಪ್ಪಗಾಗುತ್ತೇನೆ, ಕೆಮ್ಮು ಮಾಯ, ಜೊತೆಯವರು ಕೇಳುತ್ತಾರೆ, ಎಂತ ಮಾರಾಯ, ಹೆಂಡತಿ ಮನೆಯಲ್ಲಿ ತಿನ್ನಲಿಕ್ಕೆ ಕೊಡುವುದಿಲ್ವಾ. ದೀಪಾವಳಿ ಕಳೆದು ಪೆಟ್ಟಿಗೆ ತೆರೆದೆನೋ, ಶುರು.

ಅಜೆಕಾರಿನ ಕೋಲದ ಮರುದಿನ ಹಾಗಾಯಿತು, ಮುಂದಿನ ವರ್ಷ ಅದೇ ಕೋಲದ ಮರುದಿನ ಮತ್ತೆ ಹಾಗಾಯಿತು, ಮೋಹಿನಿ ಹೇಳಿದಳು ಇದು ದೈವದ ಉಪದ್ರ, ಪ್ರಶ್ನೆ ಇಡಿಸುವ, ಇಡಿಸಿದೆವು, ಕವಡೆ ಸರಿಸಿ ಸರಿಸಿ ಜೋಯಿಸರು ಹೇಳಿದರು ನಿಮ್ಮ ತಂದೆಯವರ ಕಾಲದ ಒಂದು ಹರಕೆ ಬಾಕಿ ಉಂಟು, ಬಾಕಿ ಇಲ್ಲದ ಮನೆ ಯಾವುದು ಈ ಊರಿನಲ್ಲಿ, ತಪ್ಪುಕಾಣಿಕೆ ಹಾಕಿ ಕೈಮುಗಿದೆವು, ಅದು ಪತ್ತನಾಜೆಯ ಹೊತ್ತು, ಕೆಮ್ಮು ನಿಂತಿತು, ಜೋಯಿಸರು ಗೆದ್ದರು. ಮರುವರ್ಷ ಒಬ್ಬ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ಇದು ಟಿಬಿಯೇ ಅಂದರು, ಕಫ ಕೊಡಿ ಅಂದರೆ ನನ್ನಲ್ಲಿ ಕಫವೇ ಇಲ್ಲ, ಇಲ್ಲದಿದ್ದರೂ ಟಿಬಿಯೇ, ಗುಳಿಗೆ ನುಂಗಿ ಮೂತ್ರ ಕುಂಕುಮದ ನೀರಿನ ಹಾಗಾಯಿತು, ಮನೆಯಲ್ಲಿ ನನಗೆ ಬೇರೆ ತಟ್ಟೆ, ಬೇರೆ ಲೋಟ, ಅದೂ ಮಳೆಗಾಲಕ್ಕೇ ಸರಿಯಾಗಿ ಬಿತ್ತು, ಕೆಮ್ಮು ನಿಂತಿತು, ಡಾಕ್ಟರು ಗೆದ್ದರು. ನಡುವೆ ಮೋಹಿನಿಯ ತಾಯಿ ಆಡಿನ ಹಾಲು ತಂದುಕೊಟ್ಟಿದ್ದರು, ಅವರೂ ಗೆದ್ದರು. ಎಲ್ಲರೂ ಗೆದ್ದು ಮನೆಗೆ ಹೋದರು, ದೀಪಾವಳಿಗೆ ನಾನೊಬ್ಬ ಸೋತೆ, ಉಚ್ಚಿಲದ ಒಂದು ಮದುವೆ, ಕಲ್ಯಾಣಿ ರಾಗ, ಪಂಚಮದಲ್ಲಿ ನಿಂತು ಮೇಲಿನ ಷಡ್ಜಕ್ಕೆ ಹೋಗಬೇಕು, ಅಪ್ಪ ಹೇಳಿಕೊಟ್ಟದ್ದು, ಪಂಚಮದಿಂದ ಹೊರಟವನು ಷಡ್ಜ ಮುಟ್ಟುವವರೆಗೆ ಉಸಿರು ತೆಗೆಯಬಾರದು ಮಗಾ, ನಡುವೆ ಉಸಿರು ತೆಗೆದರೆ ಹೊಳೆ ದಾಟುವವ ನಡುನೀರಿನಲ್ಲಿ ದೋಣಿಯಿಂದ ಇಳಿದ ಹಾಗೆ — ನಾನು ಧೈವತದಲ್ಲಿ ಇಳಿದೆ. ಧೈವತದಲ್ಲಿ ಉಸಿರು ಮುಗಿಯಿತು. ಮದುವೆಗೆ ಬಂದವರಿಗೆ ಗೊತ್ತಾಗಲಿಲ್ಲ, ಅವರು ಐಸ್‌ಕ್ರೀಮಿನ ಸಾಲು ನೋಡುತ್ತಿದ್ದರು, ಡೋಲಿನವನಿಗೆ ಗೊತ್ತಾಯಿತು, ನನಗೆ ಗೊತ್ತಾಯಿತು, ಆ ದಿನ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿಕೊಂಡು ಅತ್ತೆ.

ಅಪ್ಪನೂ ಕೊನೆಗೆ ಕೆಮ್ಮುತ್ತಿದ್ದರು. ಊದಿ ಊದಿ ಎದೆ ಸವೆಯಿತು ಅಂದರು ಊರಿನವರು, ಬೀಡಿ ಅಂದರು, ಬೀಡಿ ಮುಟ್ಟಿದವರಲ್ಲ ಅಪ್ಪ, ಊದುವ ಬಾಯಿಗೆ ಹೊಗೆ ಬಿಡಬಾರದು ಅನ್ನುತ್ತಿದ್ದರು, ಬಾಯಿ ಮುಕ್ಕಳಿಸದೆ ವಾದ್ಯ ಮುಟ್ಟಿದರೆ ಬೆತ್ತ, ಚಪ್ಪಲಿ ಹಾಕಿ ಪೆಟ್ಟಿಗೆ ದಾಟಿದರೆ ಬೆತ್ತ. ಆ ಸ್ಯಾಕ್ಸೊಫೋನು ಅವರ ಗುರುಗಳು ಕೊಟ್ಟದ್ದು, ಗುರುಗಳು ಹಲ್ಲು ಬಿದ್ದ ಮೇಲೆ ಶಿಷ್ಯರಲ್ಲಿ ಯಾರಿಗೆ ಕೊಡುವುದೆಂದು ಯೋಚಿಸಿ ಯೋಚಿಸಿ ಕಿಟ್ಟನಿಗೇ ಕೊಟ್ಟರಂತೆ, ಕೊಡುವಾಗ ಒಂದೇ ಮಾತು ಹೇಳಿದರಂತೆ, ಹೊರಗೆ ಎಷ್ಟು ಬೇಕಾದರೂ ಉಜ್ಜು, ಒಳಗೆ ಬಟ್ಟೆ ಹಾಕಬೇಡ, ಒಳಗಿರುವುದು ಗುರುವಿನ ಎಂಜಲು, ಅದು ಒಣಗಿದರೆ ಸ್ವರವೂ ಒಣಗುತ್ತದೆ. ಹಾಗೆ ನಾವು ಹೊರಗೆ ಉಜ್ಜಿದೆವು, ಆಯುಧಪೂಜೆಗೆ ಹುಳಿ ಹಾಕಿ ಬೂದಿ ಹಾಕಿ ಮದುಮಗನ ಹಾಗೆ ಹೊಳೆಯಿಸಿದೆವು, ಊದಿ ಆದ ಮೇಲೆ ವಾದ್ಯದ ಕತ್ತು ಬಿಚ್ಚಿ ಒಮ್ಮೆ ಕೊಡವಿ, ಒದ್ದೆ ಒದ್ದೆಯಾಗಿಯೇ ಶಾಲು ಸುತ್ತಿ ಪೆಟ್ಟಿಗೆ ಮುಚ್ಚಿದೆವು, ಗಾಳಿ ತಾಗಬಾರದು. ಮಳೆಗಾಲ ಕಳೆದ ಮೇಲೆ ಮನೆಯಲ್ಲಿ ಎಲ್ಲವನ್ನೂ ಬಿಸಿಲಿಗೆ ಹಾಕುತ್ತೇವೆ, ಚಪ್ಪಲಿ, ಬೆಲ್ಟು, ಕೊಬ್ಬರಿ, ಮೋಹಿನಿಯ ಧಾರೆಸೀರೆ, ಬೂಷ್ಟು ಹಿಡಿದದ್ದನ್ನೆಲ್ಲ ಒರೆಸಿ ಒರೆಸಿ ಅಂಗಳದಲ್ಲಿ ಹರಡುತ್ತೇವೆ, ಸ್ಯಾಕ್ಸೊಫೋನನ್ನು ಮಾತ್ರ ಊದುಬತ್ತಿ ಹಚ್ಚಿ ನೇರ ಬಾಯಿಗೆ ತೆಗೆದುಕೊಳ್ಳುತ್ತೇವೆ. ಮೊದಲ ಗಾಳಿಯಲ್ಲಿ ಒಂದು ಹಳೆಯ ವಾಸನೆ ಬರುತ್ತದೆ, ಮುಚ್ಚಿದ ಉಗ್ರಾಣ ತೆರೆದ ಹಾಗೆ, ನನಗೆ ಅದು ಅಪ್ಪನ ವಾಸನೆ. ಇಷ್ಟು ವರ್ಷವೂ ಅಪ್ಪನ ವಾಸನೆ ಅಂತಲೇ ಎದೆ ತುಂಬ ಎಳೆದುಕೊಂಡೆ.

ಎಡ್ವಿನ್ ನಗುತ್ತಾನೆ. ಎಡ್ವಿನ್ ಉಡುಪಿಯ ಬ್ರಾಸ್ ಬ್ಯಾಂಡಿನವನು, ಕ್ರಿಸ್ತುವರ ಮದುವೆಯ ಮುನ್ನಾದಿನ, ರೋಸ್‌ನ ದಿನ, ಮದುಮಗಳ ಮನೆ ಮುಂದೆ ಟ್ರಂಪೆಟ್ ಊದುವವನು, ತಿಂಗಳಿಗೊಮ್ಮೆ ಟ್ರಂಪೆಟನ್ನು ಬಕೆಟಿನಲ್ಲಿ ಹಾಕಿ ಸಾಬೂನು ನೀರಿನಲ್ಲಿ ಮಗುವನ್ನು ಮೀಯಿಸಿದ ಹಾಗೆ ಮೀಯಿಸುತ್ತಾನೆ, ನನ್ನದರ ಬಾಯಿಗೆ ಮೂಗಿಟ್ಟು ಹೇಳುತ್ತಾನೆ, ಮಾರಾಯ, ಇದರೊಳಗೆ ಮಟ್ಟು ಗುಳ್ಳದ ಬೀಜ ಹಾಕು, ಬೆಳೆದೀತು, ನೀನು ಊದುವುದು ಬಿಟ್ಟು ಬದನೆ ವ್ಯಾಪಾರ ಮಾಡಬಹುದು. ನಿನ್ನ ಟ್ರಂಪೆಟಿಗೆ ಗುರು ಇಲ್ಲ, ಸಾಬೂನೇ ಗುರು ಅಂದೆ ನಾನು. ಮೊದಲ ಸಲ ಅವನು ಹಾಗೆ ಅಂದ ದಿನ ಕೋಣೆಯಲ್ಲೇ ಇದ್ದಳು ಸೌಮ್ಯಶ್ರೀ, ನನ್ನ ಮಗಳು, ಏಳು ವರ್ಷದವಳು ಆಗ, ಅಂದೇ ಅವಳ ಮೊದಲ ಪಾಠ, ಹೊಸ ರೀಡು ಕೈಗೆ ಕೊಟ್ಟು ಹೇಳಿದೆ, ಇದು ಬಿದಿರಿನ ಚಕ್ಕೆಯ ಹಾಗೆ ಕಾಣುತ್ತದೆ ಅಲ್ವಾ, ಒಣಗಿದ್ದರೆ ಮಾತಾಡುವುದಿಲ್ಲ, ಮೊದಲು ನಾಲಗೆಯ ಮೇಲಿಟ್ಟು ನಿನ್ನ ಒದ್ದೆ ಕೊಡು, ಆಮೇಲೆ ಮೌತ್‌ಪೀಸಿಗೆ ಕಟ್ಟು, ಅವಳು ಕಣ್ಣು ಮುಚ್ಚಿ, ತಲೆ ಸ್ವಲ್ಪ ಹಿಂದೆ ಹಾಕಿ, ನಾಲಗೆ ಚಾಚಿ ಅದರ ಮೇಲೆ ರೀಡು ಇಟ್ಟುಕೊಂಡಳು, ಎಡ್ವಿನ್ ಶಿಲುಬೆಯ ಗುರುತು ಮಾಡಿದ, ನೋಡು ಮಾರಾಯ, ನಮ್ಮ ಇಗರ್ಜಿಯಲ್ಲಿ ಪರಮಪ್ರಸಾದ ತೆಗೆದುಕೊಳ್ಳುವ ಹಾಗೇ ಉಂಟು. ಈಗಲೂ ಹಾಗೆಯೇ ಇಟ್ಟುಕೊಳ್ಳುತ್ತಾಳೆ, ಇಪ್ಪತ್ತರ ಹುಡುಗಿ, ಜಡೆ ಕತ್ತರಿಸಿದ್ದಾಳೆ, ನನ್ನೊಡನೆ ಜಗಳಾಡುತ್ತಾಳೆ, ಆದರೆ ರೀಡು ಬಾಯಿಗಿಡುವಾಗ ಕಣ್ಣು ಮುಚ್ಚುತ್ತಾಳೆ.

ಇಂದು ಅವಳು ಕಾರ್ಕಳದಲ್ಲಿದ್ದಾಳೆ, ನಾನು ಒಪ್ಪಿಕೊಂಡ ಮದುವೆ, ನನ್ನ ಬದಲಿಗೆ ಅವಳು, ಜೊತೆಗೆ ಮೋಹಿನಿ ಹೋಗಿದ್ದಾಳೆ, ಗಂಡಸರ ವಾದ್ಯದ ಸೆಟ್ಟಿನಲ್ಲಿ ಹುಡುಗಿಯೊಬ್ಬಳೇ ಯಾಕೆ ಅಂತ, ವಿಜಯದಶಮಿಯ ದಿನ ಅಪ್ಪನ ಫೋಟೋದ ಎದುರು ಕೂರಿಸಿ ಅವಳ ಎರಡೂ ಕೈಗೆ ಆ ಸ್ಯಾಕ್ಸೊಫೋನನ್ನು ಇಟ್ಟದ್ದು ನಾನೇ, ಅದುವರೆಗೆ ಅವಳು ಕಲಿತದ್ದು ಎಡ್ವಿನ್‌ನ ಒಂದು ಹಳೆಯ ಚೈನಾ ವಾದ್ಯದಲ್ಲಿ, ಇನ್ನು ನಿನ್ನದು ಇದು ಮಗಾ, ಅಜ್ಜನದು, ಅಜ್ಜನ ಗುರುವಿನದು, ಹುಡುಗಿ ಅತ್ತುಬಿಟ್ಟಳು, ಅಪ್ಪಾ ಮೌತ್‌ಪೀಸು ಮಾತ್ರ ಹೊಸದು ತೆಗೆಯುವನಾ, ಬೇಡ, ಅದರಲ್ಲಿ ಅಜ್ಜನ ಉಸಿರು ಉಂಟು. ಅಂದಿನಿಂದ ಆದ ದಿನ ನಾನು ಊದುವುದು, ಆಗದ ದಿನ ಅವಳು. ಆಮೇಲೆ ಆನ್‌ಲೈನಿನಲ್ಲಿ ಏನೋ ತರಿಸಿದಳು, ಉದ್ದ ದಾರಕ್ಕೆ ಕಟ್ಟಿದ ಒಂದು ಮೆತ್ತನೆಯ ಬಟ್ಟೆ, ಅಪ್ಪಾ ಎಲ್ಲರೂ ಊದಿದ ಮೇಲೆ ಇದನ್ನು ಒಳಗಿನಿಂದ ಎಳೆದು ತೆಗೆಯುತ್ತಾರೆ, ಯೂಟ್ಯೂಬಿನಲ್ಲಿ ನೋಡಿ, ನೀರು ಪೂರಾ ಹೋಗುತ್ತದೆ — ಯೂಟ್ಯೂಬಾ ನಿನ್ನ ಗುರು, ಅಜ್ಜನ ಎಂಜಲು ಒರೆಸುವಷ್ಟು ದೊಡ್ಡವಳಾದಿಯಾ ನೀನು, ಎಂದು ನಾನು ಕಿರುಚಿದೆ, ಆ ಬಟ್ಟೆಯನ್ನು ಕಿತ್ತುಕೊಂಡು ಸ್ಕೂಟರಿನ ಸೀಟು ಒರೆಸಲು ಇಟ್ಟೆ, ಇವತ್ತು ಬೆಳಗ್ಗೆ ಉಡುಪಿ ಬಸ್ಸಿಗೆ ಹೊರಡುವ ಮೊದಲು ಕೂಡ ಅದರಲ್ಲೇ ಇಬ್ಬನಿ ಒರೆಸಿದೆ, ಒಳ್ಳೆಯ ಬಟ್ಟೆ, ನೀರು ಹೀರುತ್ತದೆ. ಸಂಕ್ರಾಂತಿ ಕಳೆದ ಮೇಲೆ ಅವಳಿಗೂ ಸಣ್ಣ ಕೆಮ್ಮು, ಮದುವೆಮನೆಯ ಐಸ್‌ಕ್ರೀಮು ಅಂತ ಮೋಹಿನಿ ಬೈದಳು, ಮೊನ್ನೆ ಅಜೆಕಾರಿನ ಕೋಲ ಮುಗಿಸಿ ಬಂದವಳು ಮಧ್ಯಾಹ್ನಕ್ಕೆ ಕಂಬಳಿ ಕೇಳಿದಳು, ನಿದ್ದೆಗೆಟ್ಟದ್ದಕ್ಕೆ, ಹೊಗೆಗೆ, ದೊಂದಿಯ ಹೊಗೆ ಯಾರನ್ನು ಬಿಟ್ಟಿದೆ, ಮರುದಿನ ಎದ್ದು ಗಂಜಿ ಉಂಡಳು. ಟೋಕನ್ ಕೂಗಿತು, ನನ್ನದಲ್ಲ.

ಆಶ್ಲಿ ಡಾಕ್ಟರು ಒಳ್ಳೆಯವರು, ಚಿಕ್ಕ ಪ್ರಾಯ, ಬೈಯುವುದಿಲ್ಲ. ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ಕಣ್ಣು ಮುಚ್ಚಿ ಕೇಳುತ್ತಾರೆ, ಕೇಳುವವರನ್ನು ಕಂಡರೆ ನನಗೆ ಗೌರವ, ಶ್ವಾಸಕೋಶದ ಅಡಿಯಲ್ಲಿ ಚರಚರ ಅನ್ನುತ್ತದೆ ಅಂದರು, ಮಕ್ಕಳ ಚಪ್ಪಲಿಯ ಅಂಟುಪಟ್ಟಿ ಎಳೆದು ಬಿಚ್ಚಿದ ಹಾಗೆ. ಹೋದ ಸಲ ಎಲ್ಲ ಕೇಳಿದರು, ಮನೆಯಲ್ಲಿ ಪಾರಿವಾಳ ಉಂಟಾ, ಕೋಳಿ ಉಂಟಾ, ಬೈಹುಲ್ಲು, ಗೊಬ್ಬರ, ಏಸಿ, ಯಾವುದೂ ಇಲ್ಲ, ಮೀನಿನ ಬಲೆಯಾ ಅಂದರೆ ಬಲೆ ಹಿಡಿದಾಗ ಗುಣ ಆಗುತ್ತದಲ್ಲ, ಹಾಗಾದರೆ ಕಾಯಿಲೆ ಆಗುವ ದಿನಗಳಲ್ಲಿ ಎಂತ ಮಾಡ್ತೀರಿ ನೀವು, ಎಂತ ಮಾಡುವುದು ಡಾಕ್ಟ್ರೇ, ಊದುವುದು. ಊದುವುದಾ? ಸ್ಯಾಕ್ಸೊಫೋನು. ಅವರು ಪೆನ್ನು ಕೆಳಗಿಟ್ಟರು, ನನ್ನ ಮುಖ ನೋಡಿದರು, ಅದುವರೆಗೆ ಯಾರೂ ನನ್ನ ಕೆಲಸ ಕೇಳಿರಲಿಲ್ಲ, ಕಾಪು ಅಂದ ಕೂಡಲೇ ಮೀನಿನವ ಅಂದುಕೊಂಡಿದ್ದರು ಎಲ್ಲರೂ, ನಾಳೆ ಅದನ್ನು ತನ್ನಿ, ಮೌತ್‌ಪೀಸು, ಮತ್ತೆ ಅದರ ಕತ್ತಿನ ಭಾಗ. ಮರುದಿನ ತಂದುಕೊಟ್ಟೆ. ಉದ್ದ ಕಡ್ಡಿಯ ತುದಿಗೆ ಹತ್ತಿ, ಅದನ್ನು ಕತ್ತಿನೊಳಗೆ ತಿರುಗಿಸಿದರು, ನಾನು ಬೇರೆ ಕಡೆ ನೋಡಿದೆ, ಅಪ್ಪನ ಬಾಯಿಯೊಳಗೆ ಕಡ್ಡಿ ಹಾಕಿದ ಹಾಗಾಯಿತು, ಹತ್ತಿ ಹೊರಗೆ ಬಂದಾಗ ಕಪ್ಪು ಹಸಿರು, ಹಿತ್ತಾಳೆಗೆ ಕಿಲುಬು ಬರದೆ ಮತ್ತೆಂತ ಬರುತ್ತದೆ ಅಂದೆ, ನೋಡುವ ಅಂದರು, ರಕ್ತ ತೆಗೆದರು, ರಿಪೋರ್ಟು ಬರುವವರೆಗೆ ನೀವು ಇದನ್ನು ಊದಬೇಡಿ. ನಾನು ಊದಲಿಲ್ಲ. ದೊಡ್ಡವರ ಮಾತು ಮೀರುವವನಲ್ಲ ನಾನು, ಆ ದಿನವೇ ಮನೆಗೆ ಹೋಗಿ ಕತ್ತು ಜೋಡಿಸಿ ಸೌಮ್ಯಳ ಕೈಗೆ ಕೊಟ್ಟೆ.

ರೂಪೇಶ್, ಒಳಗೆ ಬನ್ನಿ. ಮೇಜಿನ ಮೇಲೆ ಕಾಗದಗಳು, ಗೋಡೆಯ ಬೆಳಕಿನಲ್ಲಿ ನನ್ನ ಎದೆಯ ಚಿತ್ರ, ಕಪ್ಪು ಇರಬೇಕಾದಲ್ಲಿ ಮಂಜು ಕವಿದಿದೆ, ಡಾಕ್ಟರು ನಗುತ್ತಿದ್ದಾರೆ, ನಗುವುದೆಂದರೆ ಒಳ್ಳೆಯದಾ, ಕೂತುಕೊಳ್ಳಿ, ಟಿಬಿ ಅಲ್ಲ, ಯಾವತ್ತೂ ಆಗಿರಲಿಲ್ಲ, ಕ್ಯಾನ್ಸರೂ ಅಲ್ಲ, ಹೆದರಬೇಡಿ, ನಿಮ್ಮ ವಾದ್ಯದೊಳಗೆ ಬೂಷ್ಟು ಬೆಳೆದಿದೆ, ಫಂಗಸ್, ನೀವು ಊದಲಿಕ್ಕೆ ಉಸಿರು ಎಳೆದುಕೊಳ್ಳುವಾಗ ಅದರ ಧೂಳು ಒಳಗೆ ಹೋಗುತ್ತದೆ, ಶ್ವಾಸಕೋಶ ಅದಕ್ಕೆ ಸಿಟ್ಟಾಗಿ ಊದಿಕೊಳ್ಳುತ್ತದೆ, ಅಲರ್ಜಿ, ಅದಕ್ಕೇ ಊದಿದ ದಿನ ಸಂಜೆ ಜ್ವರ, ಅದಕ್ಕೇ ಮಳೆಗಾಲದಲ್ಲಿ ಸುಖ, ವಾದ್ಯದಲ್ಲಿ ಸಿಕ್ಕಿದ ಫಂಗಸ್ಸನ್ನು ನಿಮ್ಮ ರಕ್ತವೂ ಗುರುತು ಹಿಡಿದಿದೆ, ಇಂಥದ್ದು ಅಪರೂಪ, ಆದರೆ ಉಂಟು. ನಾನು ಕೇಳುತ್ತಿದ್ದೇನೆ, ಕೇಳುತ್ತಾ ಒಂದೊಂದೇ ಗಂಟು ಬಿಚ್ಚಿಕೊಳ್ಳುತ್ತದೆ, ದೈವ ಅಲ್ಲ, ಹರಕೆ ಅಲ್ಲ, ಪಾಪ, ಆ ದೈವದ ಮೇಲೆ ಎಷ್ಟು ವರ್ಷ ಗೂಬೆ ಕೂರಿಸಿದೆವು, ಹಾಗಾದರೆ ಅಪ್ಪ — ಅಪ್ಪನದೂ ಇದೇ ಏನು ಡಾಕ್ಟ್ರೇ? ಇರಬಹುದು, ಈಗ ಹೇಳಲಿಕ್ಕೆ ಆಗುವುದಿಲ್ಲ. ಇರಬಹುದು ಅಂದರೆ ಇತ್ತು. ಗುರುಗಳು ಪ್ರೀತಿಯಿಂದ ಕೊಟ್ಟದ್ದು, ಅಪ್ಪ ಪ್ರೀತಿಯಿಂದ ಇಟ್ಟುಕೊಂಡದ್ದು, ಯಾರ ಮೇಲೂ ಸಿಟ್ಟು ಬರುವುದಿಲ್ಲ ನನಗೆ, ಅವರಿಗೆ ಏನು ಗೊತ್ತಿತ್ತು, ಕಣ್ಣಿಗೆ ಕಾಣದ್ದು — ನಾನು ಕೇಳಬೇಕಾದ್ದನ್ನು ಕೇಳಿದೆ, ಇನ್ನು ಊದಬಹುದೋ ಇಲ್ಲವೋ. ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡರು, ಈ ವಾದ್ಯ ಬೇಡ ರೂಪೇಶ್, ಇದು ಬೇಡವೇ ಬೇಡ, ಗುಳಿಗೆ ತೆಗೆದುಕೊಳ್ಳಿ, ಎದೆ ಎಷ್ಟು ಸುಧಾರಿಸುತ್ತದೆ ನೋಡುವ, ಆಮೇಲೆ ಹೊಸ ವಾದ್ಯ, ಪ್ರತಿ ಸಲ ಊದಿದ ಮೇಲೆ ತೊಳೆದು ಒಣಗಿಸಬೇಕು, ಆಗುತ್ತದೆ, ನನಗೆ ನಂಬಿಕೆ ಉಂಟು. ಆಗುತ್ತದೆ ಅಂದರು. ಆಗುತ್ತದೆ! ಎದ್ದು ಅವರ ಕಾಲು ಹಿಡಿಯಬೇಕೆನಿಸಿತು, ಎಡ್ವಿನ್‌ಗೆ ಫೋನು ಮಾಡಿ ನಿನ್ನ ಸಾಬೂನೇ ಗೆದ್ದಿತು ಮಾರಾಯ ಎನ್ನಬೇಕು, ಮೋಹಿನಿಗೆ ಹೇಳಬೇಕು, ಸಂಜೆ ಮೂವರೂ ಕಡಲ ಬದಿಗೆ ಹೋಗಿ — ಡಾಕ್ಟರು ಗುಳಿಗೆ ಬರೆಯುತ್ತಾ ತಲೆ ಎತ್ತದೆ ಕೇಳಿದರು, ಇದನ್ನು ಮನೆಯಲ್ಲಿ ಬೇರೆ ಯಾರೂ ಊದುವುದಿಲ್ಲ ಅಲ್ವಾ.

ಉದ್ದದ ಕಾರಿಡಾರು, ಫಿನಾಯಿಲು, ಗಾಲಿಕುರ್ಚಿ, ನಡೆಯಬೇಡ ರೂಪೇಶ ಉಸಿರು ಕಟ್ಟುತ್ತದೆ, ನಡೆಯುತ್ತಿದ್ದೇನೆ, ಡಾಕ್ಟರು ಹಿಂದಿನಿಂದ ಹೇಳಿದ್ದು ಇನ್ನೂ ಕಿವಿಯಲ್ಲಿ, ನಾಳೆಯೇ ಮಗಳನ್ನು ಕರೆದುಕೊಂಡು ಬನ್ನಿ, ಸಣ್ಣ ಪ್ರಾಯ, ಈಗಲೇ ನಿಲ್ಲಿಸಿದರೆ ಪೂರ್ತಿ ಗುಣ ಆಗುತ್ತದೆ, ನೀವು ಹೆದರಬೇಡಿ, ಆದರೆ ಈಗಲೇ ನಿಲ್ಲಿಸಬೇಕು, ಈಗಲೇ, ಎಂದರೆ ಈಗ, ಈಗ ಕಾರ್ಕಳದಲ್ಲಿ ಮುಹೂರ್ತದ ಹೊತ್ತು, ಮೋಹಿನಿ ಫೋನು ಎತ್ತುವುದಿಲ್ಲ, ಸೌಮ್ಯಳದ್ದು ಬ್ಯಾಗಿನಲ್ಲಿರುತ್ತದೆ, ಡೋಲಿನವನ ಎರಡೂ ಕೈ ಡೋಲಿನ ಮೇಲೆ, ಮತ್ತೆ ಮೋಹಿನಿ, ರಿಂಗಾಗುತ್ತದೆ, ಐಸ್‌ಕ್ರೀಮಲ್ಲ ಮೋಹಿನಿ, ದೊಂದಿಯ ಹೊಗೆಯಲ್ಲ, ನಿದ್ದೆಗೆಟ್ಟದ್ದಲ್ಲ, ಬಟ್ಟೆ ತರಿಸಿದ್ದಳಲ್ಲ ನನ್ನ ಮಗಳು, ದಾರ ಕಟ್ಟಿದ ಬಟ್ಟೆ, ಅವಳಿಗೆ ಗೊತ್ತಿತ್ತು, ನಾನು ಅದರಲ್ಲಿ ಸ್ಕೂಟರು ಒರೆಸಿದೆ, ಎತ್ತು ಮೋಹಿನಿ, ಎತ್ತು — ಎತ್ತಿದಳು. ಗದ್ದಲ, ಡೋಲು, ಪುರೋಹಿತರ ಮೈಕು, ಅವಳ ಕೂಗು, ಹೇಳಿ, ಡಾಕ್ಟರು ಎಂತ ಹೇಳಿದರು, ನಿಲ್ಲಿಸಲಿಕ್ಕೆ ಹೇಳು ಅವಳನ್ನು ಎಂದೆ, ಎಂತ, ಕೇಳುವುದಿಲ್ಲ ಮಾರಾಯ್ರೇ, ನಿಲ್ಲಿಸು, ವಾದ್ಯ ಕೆಳಗಿಡಲಿಕ್ಕೆ ಹೇಳು, ಏನೂ ಕೇಳುವುದಿಲ್ಲ, ಈಗ ಮದುಮಗಳು ಬರುತ್ತಿದ್ದಾಳೆ, ತಡೆಯಿರಿ, ನಿಮಗೂ ಕೇಳಲಿ, ಫೋನು ಎತ್ತಿ ಹಿಡಿಯುತ್ತೇನೆ, ನೋಡಿ ಎಷ್ಟು ಪೊರ್ಲು ಊದುತ್ತಾಳೆ. ಫೋನು ಮೇಲಕ್ಕೆ ಹೋಯಿತು. ನಾನು ಕಿರುಚಿದ್ದು ಕಾರಿಡಾರಿನವರಿಗೆಲ್ಲ ಕೇಳಿತು, ಅವಳಿಗೆ ಕೇಳಲಿಲ್ಲ, ಮತ್ತು ಆ ಗದ್ದಲದ ಮೇಲಿನಿಂದ ಕಲ್ಯಾಣಿ ಬಂತು, ಅಪ್ಪನ ಸ್ವರ, ಅಪ್ಪನದೇ, ಒದ್ದೆ ಒದ್ದೆಯಾದ ಆ ಸ್ವರ, ನನಗೆ ಯಾವತ್ತೂ ಇಷ್ಟು ಚಂದ ಬಂದದ್ದಿಲ್ಲ, ಗೋಡೆ ಹಿಡಿದುಕೊಂಡು ನಿಂತೆ, ಒಬ್ಬ ನರ್ಸು ಬಂದು ಎಂತ ಆಯಿತು ಅಣ್ಣ ಅಂದರು, ಕೈ ಅಡ್ಡ ಹಿಡಿದೆ, ತಡೆಯಿರಿ, ಅವಳು ಪಂಚಮಕ್ಕೆ ಬಂದಳು, ನಿಂತಳು, ಹೊರಟಳು, ಹೋಗು ಮಗಾ, ಹೋಗು, ಒಂದೇ ಉಸಿರಿನಲ್ಲಿ ಹೋಗು, ದಾಟು —

ಧೈವತದಲ್ಲಿ ನಿಂತಿತು. ಸಣ್ಣದೊಂದು ಕೆಮ್ಮು, ಮತ್ತೆ ಉಸಿರು. ಮದುವೆಮನೆಯಲ್ಲಿ ಯಾರಿಗೂ ಗೊತ್ತಾಗಿರುವುದಿಲ್ಲ. ಡೋಲಿನವನಿಗೆ ಗೊತ್ತಾಗಿರುತ್ತದೆ. ಫೋನು ಕೆಳಗೆ ಬಂತು, ಕೇಳಿತಾ, ಎಂದಳು ಮೋಹಿನಿ, ನಗುತ್ತಾ, ಕೇಳಿತು ಎಂದೆ, ಮೋಹಿನಿ, ಅವಳನ್ನು ನಿಲ್ಲಿಸು, ಅವಳ ಬಾಯಿಯಿಂದ ಅದನ್ನು ತೆಗಿ, ಅವಳ ನಗು ನಿಂತಿತು, ಯಾಕೆ, ಎಂತ ಆಯಿತು ನಿಮಗೆ, ಹೋಗು, ಓಡು, ಹೋಗುತ್ತೇನೆ, ಆದರೆ ಮುಂದೆ ಜನ ತುಂಬಿದ್ದಾರೆ, ವೇದಿಕೆಯವರೆಗೆ ಜನ, ಈಗ ನಿಲ್ಲಿಸಿದ್ದಾಳೆ ನೋಡಿ, ಸ್ವರ ಸರಿ ಬರುತ್ತಿಲ್ಲವೇನೋ, ಹೊಸ ರೀಡು ತೆಗೆಯುತ್ತಿದ್ದಾಳೆ, ಗಟ್ಟಿಮೇಳಕ್ಕೆ — ಹೊಸ ರೀಡು. ಇಲ್ಲಿ ಮಣಿಪಾಲದ ಗೋಡೆಗೆ ಒರಗಿ ಕಣ್ಣು ಮುಚ್ಚಿದರೂ ಕಾಣುತ್ತದೆ, ಕಾಣುವುದು ಅದೊಂದೇ, ಅವಳು ಕಣ್ಣು ಮುಚ್ಚುತ್ತಾಳೆ, ತಲೆ ಸ್ವಲ್ಪ ಹಿಂದೆ ಹಾಕುತ್ತಾಳೆ, ಏಳು ವರ್ಷದ ನಾಲಗೆ, ಇಪ್ಪತ್ತು ವರ್ಷದ ನಾಲಗೆ, ನಾನು ಹೇಳಿಕೊಟ್ಟ ಹಾಗೆಯೇ, ನಾಲಗೆ ಚಾಚಿ, ಅದರ ಮೇಲೆ ರೀಡು, ಕಣ್ಣು ಮುಚ್ಚಿ, ನಾಲಗೆ ಚಾಚಿ, ಅದರ ಮೇಲೆ